ನಿಂತ ರಥದ ನಿರೀಕ್ಷೆ

ಮೋಟಾರು ಪಂದ್ಯದ ಅನುಭವವನ್ನು ಮನೆಯಲ್ಲಿಯೇ ಒದಗಿಸುವ ಸಿಮ್ಯುಲೇಟರೆಂಬ ಸಾಧನವನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಮೇಜಿಗೆ ಬಿಗಿದ ಒಂದು ಸ್ಟಿಯರಿಂಗ್ ಚಕ್ರ, ಕಾಲ ಬಳಿ ಪೆಡಲುಗಳು, ಎದುರಿಗೆ ಕಂಪ್ಯೂಟರಿನ ಪರದೆ, ಸಾಮಗ್ರಿ ಇಷ್ಟೇ. ಇಂತಹುದಕ್ಕೆ ಅಮೆರಿಕದ ಹಳೆಯ ಪಂದ್ಯದ ಕಾರೊಂದು ಸೇರಲಿದೆಯೆಂಬ ವಾರ್ತೆ ಹಬ್ಬಿದೊಡನೆ ತರುಣರು ದಿನಗಳನ್ನೆಣಿಸತೊಡಗುತ್ತಾರೆ. ಮುಟ್ಟಲು ಸಿಗದ ಕಾರಿಗಾಗಿ ಇದೆಂತಹ ಹಂಬಲವೆಂದು ಹಿರಿಯರು ಕೇಳುವುದು ಸಹಜವೇ. ಆದರೆ ಈ ಹಂಬಲವು ನಿರಾಧಾರವಲ್ಲವೆಂದು ನಮ್ಮ ಅಭಿಪ್ರಾಯ.

ದೃಷ್ಟಾಂತಕ್ಕೆ ಫೋರ್ಡ್ ಸಂಸ್ಥೆಯ ಜಿಟಿ40 ವಂಶದ ಮಾರ್ಕ್ 4 ಎಂಬ ಕಾರನ್ನು ತೆಗೆದುಕೊಳ್ಳೋಣ. ಆ ವಂಶದ ಮೊದಲ ಕಾರುಗಳು ಇಂಗ್ಲೆಂಡಿನಲ್ಲಿ ಸಿದ್ಧವಾದವು. ಇದಾದರೋ ಅಮೆರಿಕದಲ್ಲಿಯೇ ರೂಪುಗೊಂಡಿತು. 1967ರ ಜೂನ್ 10 ಮತ್ತು 11ರಂದು ಫ್ರಾನ್ಸಿನ ಲೆ ಮಾನ್‌ನಲ್ಲಿ ಜರುಗಿದ 24 ಗಂಟೆಗಳ ಪಂದ್ಯದಲ್ಲಿ ಡ್ಯಾನ್ ಗರ್ನಿ, ಎ. ಜೆ. ಫಾಯ್ಟ್ ಎಂಬ ಅಮೆರಿಕದ ಚಾಲಕರಿಬ್ಬರು ಸರದಿಯಂತೆ ಇದನ್ನು ನಡೆಸಿ, 388 ಸುತ್ತುಗಳಲ್ಲಿ 5,200 ಕಿಲೋಮೀಟರಿಗೂ ಮಿಗಿಲಾದ ದೂರವನ್ನು ಕ್ರಮಿಸಿ ಗೆದ್ದರು. ಗರ್ನಿಯವರು ಬಹಳ ಎತ್ತರದವರಾದುದರಿಂದ ಅವರ ಶಿರಸ್ತ್ರಾಣಕ್ಕೆ ಎಡೆಯಾಗಲೆಂದು ಕಾರಿನ ಚಾವಣಿಯನ್ನು ಒಂದು ಕಡೆ ಬುಗುಟೆಯಂತೆ ಉಬ್ಬಿಸಿದ್ದರು. ಆ ಕಾರು ಇಂದು ಮಿಷಿಗನ್ ಪ್ರಾಂತದ ಡಿಯರ್‌ಬಾರ್ನ್‌ನಲ್ಲಿ ಹೆನ್ರಿ ಫೋರ್ಡ್ ವಸ್ತುಸಂಗ್ರಹಾಲಯದಲ್ಲಿದೆ. ಹೋದವರು ಕಣ್ಣಾರೆ ನೋಡಬಹುದು. ಏರಿ ನಡೆಸುವ ಭಾಗ್ಯವೆಲ್ಲಿಯದು?

ಆ ಭಾಗ್ಯದ ಛಾಯೆಯನ್ನಾದರೂ ಸಿಮ್ಯುಲೇಟರು ಕೊಡಬಲ್ಲುದು. ಕಾರಿನ ತೂಕ, ಇಂಜಿನ್ನಿನ ಬಲ, ಗಾಳಿಯ ಒತ್ತಡ, ಟೈರು ನೆಲವನ್ನು ಹಿಡಿಯುವ ಬಗೆ, ಇವೆಲ್ಲವನ್ನೂ ಗಣಿತಕ್ಕೆ ಅಳವಡಿಸಿ, ಸೆಕೆಂಡಿಗೆ ನೂರಾರು ಸಲ ಲೆಕ್ಕ ಮಾಡಿ, ಫಲವನ್ನು ಚಕ್ರದ ಅದುರಾಟದ ಮೂಲಕ ಆಡುವವನ ಕೈಗೆ ಮುಟ್ಟಿಸುತ್ತದೆ. ಲೆಕ್ಕ ತಪ್ಪಿದರೆ ಹೆಸರು ಮಾತ್ರ ಹಳೆಯ ಕಾರಿನದು, ನಡೆ ಬೇರೆಯದು. ಓಲೆಯ ಪ್ರತಿಗಳನ್ನು ಹೋಲಿಸಿ ಗ್ರಂಥದ ಶುದ್ಧಪಾಠವನ್ನು ನಿಶ್ಚಯಿಸುವ ಪಂಡಿತನಿಗೆ ಬೇಕಾದ ತಾಳ್ಮೆಯೇ ಇಲ್ಲಿಯೂ ಬೇಕು. ಕಾಯುವವರು ಇದನ್ನರಿತರೆ ವಿಳಂಬಕ್ಕಾಗಿ ಬೇಸರಿಸರು.

ಆದರೆ ಗಣಿತಕ್ಕೆ ನಿಲುಕದ ಸಂಗತಿಯೊಂದುಂಟು. 1966ರ ಆಗಸ್ಟ್ 17ರಂದು ಕ್ಯಾಲಿಫೋರ್ನಿಯದ ರಿವರ್‌ಸೈಡ್‌ನಲ್ಲಿ ಈ ಕಾರಿನ ಪೂರ್ವರೂಪವನ್ನು ಪರೀಕ್ಷಿಸುತ್ತಿದ್ದ ಕೆನ್ ಮೈಲ್ಸ್ ಎಂಬ ಚಾಲಕರು ಅಪಘಾತದಲ್ಲಿ ಮೃತರಾದರು. ಆ ಬಳಿಕವೇ ಕಾರಿನೊಳಗೆ ಉಕ್ಕಿನ ಕೊಳವೆಗಳ ಪಂಜರವನ್ನು ಕೂಡಿಸಿದುದು. ಮರುವರ್ಷ ಲೆ ಮಾನ್‌ನಲ್ಲಿ ಮಾರಿಯೊ ಆಂಡ್ರೆಟ್ಟಿಯವರ ಮಾರ್ಕ್ 4 ರಾತ್ರಿಯ ಹೊತ್ತು ಗೋಡೆಗೆ ಬಡಿದು ನುಚ್ಚುನೂರಾದರೂ ಅವರು ಪಕ್ಕೆಲುಬಿನ ಪೆಟ್ಟಿನೊಂದಿಗೆ ಬದುಕಿ ಬಂದರು. ಒಬ್ಬರ ಮರಣವು ಮತ್ತೊಬ್ಬರಿಗೆ ಕವಚವಾಯಿತು.

ಪರದೆಯ ಮೇಲಾದರೋ ಗೋಡೆಗೆ ಹಾಯ್ದ ಕಾರು ಒಂದು ಗುಂಡಿಯನ್ನೊತ್ತಿದ ಮಾತ್ರಕ್ಕೆ ಹೊಸದಾಗಿ ನಿಲ್ಲುತ್ತದೆ. ಇದು ದೋಷವಲ್ಲ, ವರವೇ ಸರಿ. ಪ್ರಾಣಭಯವಿಲ್ಲದೆ ಕೌಶಲವನ್ನು ಕಲಿಯಬಹುದು. ಆದರೆ ಆ ಕಾರಿಗಾಗಿ ತೆತ್ತ ಬೆಲೆಯನ್ನು ಅರಿಯದ ಹುಡುಗನು ನಾಳೆ ಊರ ಬೀದಿಯಲ್ಲಿಯೂ ಅಂತಹ ಗುಂಡಿಯುಂಟೆಂದು ಭ್ರಮಿಸಿಯಾನು.

ಆದುದರಿಂದ ತಾಯ್ತಂದೆಗಳು ಈ ಆಟವನ್ನು ಜರೆಯಬೇಕಾಗಿಲ್ಲ. ಕಾರು ಬರುವವರೆಗಿನ ಬಿಡುವಿನಲ್ಲಿ, ರಾತ್ರಿ ಊಟಕ್ಕೆ ಕುಳಿತಾಗ, ಅದನ್ನು ಯಾರು ಕಟ್ಟಿದರು, ಯಾರು ನಡೆಸಿದರು, ಯಾರು ಮರಳಿ ಬರಲಿಲ್ಲವೆಂಬುದನ್ನು ಹುಡುಗನ ಬಾಯಿಂದಲೇ ಹೇಳಿಸಿ ಕೇಳಲಿ. ಹೇಳಬಲ್ಲವನಾದರೆ ಅವನ ಕೈಗೆ ಚಕ್ರವನ್ನು ಕೊಡಲು ಅಂಜಬೇಕಾದುದಿಲ್ಲ.