ಆಲಿಸುವವರ ದಣಿವು

ಚರಕಾಚಾರ್ಯರು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದ್ದಾರೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಪರಿಚಾರಕನಿಗೆ ಉಪಚಾರದ ಅರಿವು, ದಕ್ಷತೆ, ಶುಚಿತ್ವಗಳೊಡನೆ ರೋಗಿಯಲ್ಲಿ ಅನುರಾಗವೂ ಇರಬೇಕೆಂದರು. ನೊಂದ ಮನಸ್ಸುಗಳ ಸೇವೆಯಲ್ಲಿರುವ ಇಂದಿನ ಆಪ್ತಸಮಾಲೋಚಕರಲ್ಲಿ ಮೊದಲು ಬತ್ತುವುದು ಈ ಅನುರಾಗವೇ.

2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416 ಇಂದು ಅನೇಕ ಭಕ್ತರಿಗೆ ಪರಿಚಿತ. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಮಾರ್ಗದರ್ಶಿ. ಹಗಲಿರುಳೆನ್ನದೆ ಅಲ್ಲಿ ಕರೆಗೆ ಓಗೊಡುವವರಿದ್ದಾರೆ. ಸಾಯಹೊರಟವರೊಬ್ಬರನ್ನು ನಡುರಾತ್ರಿಯಲ್ಲಿ ಸಂತೈಸಿ, ಮರುಗಳಿಗೆಯೇ ಮತ್ತೊಬ್ಬರ ಅಳಲಿಗೆ ಕಿವಿಗೊಡಬೇಕಾದವರ ಮನಸ್ಸನ್ನು ನಾವು ಎಂದಾದರೂ ನೆನೆದಿದ್ದೇವೆಯೇ?

ತೀರದ ಬಳಲಿಕೆ, ಕೆಲಸದಲ್ಲಿ ವಿಮುಖತೆ, ತನ್ನಿಂದೇನೂ ಆಗದೆಂಬ ಭಾವ, ಈ ಮೂರೂ ಕೂಡಿದ ಸ್ಥಿತಿಯನ್ನು ಬರ್ನ್‌ಔಟ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ರೋಗವೆನ್ನದೆ, ಉದ್ಯೋಗದ ಒತ್ತಡದಿಂದ ಹುಟ್ಟುವ ಸ್ಥಿತಿಯೆಂದು ಪರಿಗಣಿಸಿದೆ. ಇಂಥವರನ್ನು ಕರೆತಂದು ಅಶ್ವಗಂಧವನ್ನೋ ಶಿರೋಧಾರೆಯನ್ನೋ ಕೇಳುವ ತಂದೆತಾಯಿಗಳಿದ್ದಾರೆ. ಅವುಗಳಿಂದ ನಿದ್ರೆ ಬಂದೀತು. ಆದರೆ ನಿದಾನ ಪರಿವರ್ಜನ, ಅಂದರೆ ಕಾರಣವನ್ನೇ ದೂರಮಾಡುವುದು, ಆಯುರ್ವೇದದ ಮೊದಲ ಮಾತು. ಕಾರಣವಿರುವುದು ಅವರ ಕಚೇರಿಯಲ್ಲಿ, ಬಹುಮಟ್ಟಿಗೆ ಮೇಲ್ವಿಚಾರಕರ ಕೊಠಡಿಯಲ್ಲಿ.

"ಇಂದು ಎಷ್ಟು ಕರೆಗಳಾದವು?" ಎಂದಷ್ಟೇ ಕೇಳುವ ಮೇಲ್ವಿಚಾರಕರು ಲೆಕ್ಕ ಪಡೆಯುತ್ತಾರೆ. "ಯಾವ ಕರೆ ನಿಮ್ಮನ್ನು ಕಾಡುತ್ತಿದೆ?" ಎಂದು ಕೇಳುವವರು ಭಾರ ಇಳಿಸುತ್ತಾರೆ. ಲೆಕ್ಕವೂ ಬೇಕು, ಅಲ್ಲಗಳೆಯಲಾಗದು. ಆದರೆ ಎರಡೂ ಒಬ್ಬರ ಕೈಯಲ್ಲಿದ್ದರೆ ತೊಡಕು. ಗುತ್ತಿಗೆಯ ನವೀಕರಣಕ್ಕೆ ಶಿಫಾರಸು ಬರೆಯುವವರ ಮುಂದೆ "ನನಗೆ ಸಾಕಾಗಿದೆ" ಎಂದು ಯಾರು ಬಾಯಿಬಿಟ್ಟಾರು?

ಕಾಯಕದ ಹೆಸರಿನಲ್ಲಿ ದಣಿದವರ ಬಾಯಿ ಮುಚ್ಚಿಸುವುದೂ ಉಂಟು. ಇದು ನಮಗೆ ಬಹಳ ನೋವಿನ ಸಂಗತಿ. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹಿಂದಿರುಗಿಸಿ ಬರುವಂತೆ ಹೇಳಿದವರು ಲಕ್ಕಮ್ಮನವರು. ಅದು ಆಸೆಯ ಮಿತಿಯ ಪ್ರಸಂಗವೆಂದು ಹೇಳುವುದು ವಾಡಿಕೆ. ಕಾಯಕಕ್ಕೂ ಅಳತೆಯುಂಟೆಂದು ಜೊತೆಯಲ್ಲಿರುವವರೇ ಎಚ್ಚರಿಸಿದ ಪ್ರಸಂಗವೂ ಹೌದೆಂಬುದು ನಮ್ಮ ಅಭಿಪ್ರಾಯ.

ಭಕ್ತರಲ್ಲಿ ಆಸ್ಪತ್ರೆ, ಸಲಹಾಕೇಂದ್ರಗಳನ್ನು ನಡೆಸುವವರಿದ್ದೀರಿ. ನಿಮ್ಮ ಸಮಾಲೋಚಕರಿಗೆ ವಾರಕ್ಕೊಂದು ಗಂಟೆ, ಅದೂ ಕೆಲಸದ ವೇಳೆಯಲ್ಲಿಯೇ, ಅನುಭವಿ ಹಿರಿಯರೊಬ್ಬರ ಬಳಿ ಕುಳಿತು ಮಾತನಾಡಲು ಬಿಡುವು ಮಾಡಿಕೊಡಿ. ಆ ಹಿರಿಯರ ಕೈಯಲ್ಲಿ ಹಾಜರಿ ಪುಸ್ತಕ ಇರದಿರಲಿ.