ಮಾರುವವನಿಲ್ಲದ ಅಂಗಡಿ

ಡೆನ್ಮಾರ್ಕಿಗೆ ಓದಲು ಹೋಗುವ ವಿದ್ಯಾರ್ಥಿಗೆ ಅಲ್ಲಿನ ಹಳ್ಳಿಗಳ ದಾರಿಯಲ್ಲಿ ಒಂದು ವಿಚಿತ್ರ ಅಂಗಡಿ ಎದುರಾಗುತ್ತದೆ. ರೈತನ ಮನೆಯ ಮುಂದೆ, ರಸ್ತೆಯ ಬದಿಯಲ್ಲಿ ಒಂದು ಪುಟ್ಟ ಗೂಡು. ಅದರಲ್ಲಿ ಆಲೂಗೆಡ್ಡೆ, ಜೇನು, ಮೊಟ್ಟೆ. ಪಕ್ಕದಲ್ಲಿ ಹಣದ ಡಬ್ಬಿ. ಮಾರುವವನಿಲ್ಲ, ಕಾಯುವವನೂ ಇಲ್ಲ. ಬೇಕಾದುದನ್ನು ತೆಗೆದುಕೊಂಡವರು ಬೆಲೆಯನ್ನು ಡಬ್ಬಿಗೆ ಹಾಕಿ, ಇಲ್ಲವೇ ಮೊಬೈಲಿನಲ್ಲಿ ಕಳುಹಿಸಿ ಮುಂದೆ ಸಾಗುತ್ತಾರೆ. ಇದನ್ನು ಕಂಡ ತರುಣರು ಊರಿಗೆ ಮರಳಿ ‘ಆ ಜನವೇ ಬೇರೆ’ ಎನ್ನುವುದು ಸಹಜ. ಆದರೆ ಆ ಮಾತು ಅರ್ಧಸತ್ಯ.

1864ರ ಯುದ್ಧದಲ್ಲಿ ಡೆನ್ಮಾರ್ಕ್ ಪ್ರಷ್ಯಾ ಮತ್ತು ಆಸ್ಟ್ರಿಯಾಗಳಿಗೆ ಸೋತು ದಕ್ಷಿಣದ ವಿಸ್ತಾರವಾದ ಸೀಮೆಯನ್ನು ಕಳೆದುಕೊಂಡಿತು. ಮುಂದಿನ ದಶಕದಲ್ಲಿ ಅಮೆರಿಕ, ರಷ್ಯಾಗಳ ಅಗ್ಗದ ಧಾನ್ಯ ಯುರೋಪಿಗೆ ಹರಿದುಬಂದು ಡೇನಿಷ್ ರೈತನ ಬೆಳೆಗೆ ಬೆಲೆ ಬಿದ್ದುಹೋಯಿತು. ರೈತರು ಹೈನುಗಾರಿಕೆಗೆ ಹೊರಳಿದರು. 1882ರಲ್ಲಿ ಯೆಡಿಂಗ್ ಎಂಬ ಹಳ್ಳಿಯಲ್ಲಿ ಮೊದಲ ಸಹಕಾರಿ ಡೇರಿ ಆರಂಭವಾಯಿತು. ಹಾಲಿಗೆ ತಕ್ಕ ಲಾಭ, ತಲೆಗೊಂದು ಮತ ಎಂಬುದು ಆ ಚಳವಳಿಯ ನಿಯಮ. ದೊಡ್ಡ ಮಂದೆಯ ಒಡೆಯನಿಗೂ ಎರಡು ಹಸುವಿನ ಬಡವನಿಗೂ ಸಭೆಯಲ್ಲಿ ಒಂದೇ ಮತ.

ಇದಕ್ಕೆ ಮೊದಲೇ ನೆಲ ಹದಗೊಳಿಸಿದ್ದು ಶಾಲೆ. ಪಾದ್ರಿಯೂ ಕವಿಯೂ ಆಗಿದ್ದ ಗ್ರುಂಟ್‌ವಿಗ್ ಅವರ ಚಿಂತನೆಯ ಫಲವಾಗಿ 1844ರಲ್ಲಿ ರೋಡಿಂಗ್‌ನಲ್ಲಿ ಮೊದಲ ‘ಫೋಕ್ ಹೈಸ್ಕೂಲ್’ ತೆರೆಯಿತು. ಬೇಸಾಯಕ್ಕೆ ಬಿಡುವಿರುವ ಚಳಿಗಾಲದಲ್ಲಿ ರೈತರ ಮಕ್ಕಳು ಇಂಥ ಶಾಲೆಗಳಲ್ಲಿ ಉಳಿದು ಇತಿಹಾಸ, ಹಾಡು, ಚರ್ಚೆಗಳ ಮೂಲಕ ಕಲಿಯುತ್ತಿದ್ದರು. ಇಂದಿಗೂ ಅಲ್ಲಿ ಪರೀಕ್ಷೆಯಿಲ್ಲ, ಅಂಕವಿಲ್ಲ. ಸಭೆಯಲ್ಲಿ ಎದ್ದು ಮಾತನಾಡಲು ಕಲಿತವನು ಸಂಘದ ಲೆಕ್ಕ ಕೇಳಲೂ ಕಲಿಯುತ್ತಾನೆ. ರಸ್ತೆಬದಿಯ ಆ ಡಬ್ಬಿಯ ಹಿಂದೆ ಇಷ್ಟು ವರ್ಷಗಳ ದುಡಿಮೆಯಿದೆ.

ವಿದ್ಯಾರ್ಥಿಗಳನ್ನು ಸೆಳೆಯುವ ಇನ್ನೊಂದು ನೋಟ ಅಲ್ಲಿನ ಪರ್ಯಾಯ ಸಮುದಾಯಗಳದು. 1978ರಲ್ಲಿ ಆರಂಭವಾದ ಸ್ವಾನ್‌ಹೋಲ್ಮ್‌ನಲ್ಲಿ ನಿವಾಸಿಗಳು ಜಮೀನನ್ನೂ ಸಂಪಾದನೆಯನ್ನೂ ಒಂದುಗೂಡಿಸಿ ಸಾವಯವ ಬೇಸಾಯ ನಡೆಸುತ್ತಾರೆ. ಕೊಪೆನ್‌ಹೇಗನ್ನಿನ ಕ್ರಿಸ್ಟಿಯಾನಿಯಾ ಬೇರೆ ಬಗೆಯದು. 1971ರಲ್ಲಿ ತರುಣರು ಸೇನೆ ಬಿಟ್ಟುಹೋದ ಪಾಳೆಯವನ್ನು ಹೊಕ್ಕು ನೆಲೆಸಿದರು. ಅಲ್ಲಿ ಮನೆ ಯಾರ ಸ್ವಂತದ್ದೂ ಅಲ್ಲ. ತೀರ್ಮಾನವೆಲ್ಲ ಸಭೆಯ ಸಮ್ಮತಿಯಿಂದ. ನಲವತ್ತು ವರ್ಷಗಳ ಜಗ್ಗಾಟದ ಬಳಿಕ 2011ರಲ್ಲಿ ಸರ್ಕಾರದೊಡನೆ ಒಪ್ಪಂದವಾಗಿ, ಮರುವರ್ಷ ನಿವಾಸಿಗಳ ಪ್ರತಿಷ್ಠಾನವು ಬಹುಪಾಲು ನೆಲವನ್ನು ಕೊಂಡುಕೊಂಡಿತು. ಆದರೂ ಗಾಂಜಾ ವ್ಯಾಪಾರ ಅಲ್ಲಿ ಬೇರುಬಿಟ್ಟು ಗುಂಡೇಟು, ಕೊಲೆಗಳವರೆಗೆ ಬೆಳೆಯಿತು. 2024ರಲ್ಲಿ ನಿವಾಸಿಗಳೇ ಮುಂದಾಗಿ ಆ ಬೀದಿಯ ಕಲ್ಲುಗಳನ್ನು ಕಿತ್ತುಹಾಕಬೇಕಾಯಿತು. ಸ್ವಾತಂತ್ರ್ಯವನ್ನು ಪಡೆದ ಸಮುದಾಯ ಅದನ್ನು ಕಾಯಲೂಬೇಕು.

ಅದೇ 2011 ಈ ಬೆಟ್ಟಸೀಮೆಗೂ ನೆನಪಿಡಬೇಕಾದ ವರ್ಷ. ಜನವರಿಯಲ್ಲಿ ಬಿಳಿಗಿರಿರಂಗನಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಕ್ಟೋಬರಿನಲ್ಲಿ ಸೋಲಿಗರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಅರಣ್ಯ ಹಕ್ಕು ದೊರೆಯಿತು. ಸೋಲಿಗರು ಯಾರೂ ಬಿಟ್ಟುಹೋದ ನೆಲವನ್ನು ಹೊಕ್ಕವರಲ್ಲ. ತಮ್ಮದೇ ಕಾಡಿನಿಂದ ಹೊರಹಾಕಿಸಿಕೊಂಡವರು. ಜೇನು ಕೀಳುವಾಗ ಹುಟ್ಟಿನ ಒಂದು ಪಾಲನ್ನು ಬಿಟ್ಟುಬರುವ, ಪೋಡಿನ ವ್ಯಾಜ್ಯವನ್ನು ಪೋಡಿನಲ್ಲೇ ತೀರಿಸುವ ಈ ಜನರ ಬದುಕನ್ನು ‘ಪರ್ಯಾಯ’ ಎಂದು ಯಾರೂ ಕರೆಯಲಿಲ್ಲ, ‘ಹಿಂದುಳಿದಿರುವಿಕೆ’ ಎಂದೇ ಕರೆದರು.

ಡೆನ್ಮಾರ್ಕಿನ ಶಾಲೆಯೂ ಈ ನಾಡಿಗೆ ಹೊಸದಲ್ಲ. ಆ ಮಾದರಿಯನ್ನೇ ಮುಂದಿಟ್ಟುಕೊಂಡು ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯು ಗ್ರಾಮೀಣ ತರುಣರಿಗಾಗಿ ವಿದ್ಯಾಪೀಠಗಳನ್ನು ತೆರೆದಿತ್ತು. ಮೊದಲನೆಯದು ಕಪಿಲೆಯ ದಡದ ನಂಜನಗೂಡಿನಲ್ಲಿ. ಯಳಂದೂರಿನಿಂದ ಅದೇನು ದೂರ?

ಹಕ್ಕುಪತ್ರ ಪೆಟ್ಟಿಗೆಯಲ್ಲಿದ್ದರೆ ಕಾಡು ಉಳಿಯದು. ಲಂಟಾನ ಮುಚ್ಚಿದ ಕಡೆ ನೆಲ್ಲಿಯ ಎಳೆ ಸಸಿಗೆ ಬೆಳಕೇ ಇಲ್ಲ. ಅದನ್ನು ಎಲ್ಲಿ ಕೀಳಬೇಕು, ಜೇನಿಗೂ ನೆಲ್ಲಿಗೂ ಲ್ಯಾಂಪ್ಸ್ ಸಹಕಾರ ಸಂಘ ಯಾವ ಬೆಲೆ ಕೊಟ್ಟಿತು, ಲೆಕ್ಕವೆಲ್ಲಿ ಎಂದು ಕೇಳುವ ಜಾಗ ಗ್ರಾಮಸಭೆ. ಅರಣ್ಯ ಹಕ್ಕು ನಿಯಮಗಳ ಪ್ರಕಾರ ಆ ಸಭೆಗೆ ಕನಿಷ್ಠ ಅರ್ಧದಷ್ಟು ಸದಸ್ಯರು ಬರಬೇಕು. ಬಂದವರಲ್ಲಿ ಮೂರನೆಯ ಒಂದು ಪಾಲಾದರೂ ಮಹಿಳೆಯರಿರಬೇಕು. ಕೊಳ್ಳೇಗಾಲ, ಹನೂರು, ಯಳಂದೂರುಗಳ ಕಾಲೇಜುಗಳಲ್ಲಿ ಓದುವ ಮಕ್ಕಳು ರಜೆಗೆ ಊರಿಗೆ ಬಂದಾಗ ಆ ಸಭೆಯಲ್ಲಿ ಕುಳಿತು ನಡಾವಳಿ ಬರೆದುಕೊಡಲಿ, ಸಂಘದ ಲೆಕ್ಕವನ್ನು ಹಿರಿಯರಿಗೆ ಓದಿ ಹೇಳಲಿ. ಡೆನ್ಮಾರ್ಕಿನ ರೈತರ ಮಕ್ಕಳೂ ಅಲ್ಲಿಂದಲೇ ಆರಂಭಿಸಿದ್ದು.