ಬಣ್ಣ ತುಂಬಿದ ನಕ್ಷೆ ಸಾಕು, ಊರು ತೋರಿಸಿ

ನಮ್ಮ ಶಾಲೆಗಳ ಗೋಡೆಯ ಮೇಲೆ ಕರ್ನಾಟಕದ ನಕ್ಷೆಯಿರುತ್ತದೆ. ಹೂವಿನ ಹಿಪ್ಪರಗಿ ಅದರಲ್ಲಿ ಒಂದು ಚುಕ್ಕೆಯೂ ಅಲ್ಲ. ಅದಕ್ಕೆ ಬಣ್ಣ ತುಂಬಿಸುವುದನ್ನು ಭೂಗೋಳದ ಪಾಠ ಎನ್ನಲು ನನಗೆ ಮನಸ್ಸಿಲ್ಲ. ಆಕಾಶದಿಂದ ತೆಗೆದ ಊರಿನ ಚಿತ್ರ ಮೊದಲು ಕೊಡಿ ಎಂದರೆ, 'ಸಣ್ಣ ಹುಡುಗರಿಗೆ ಅದೇನು ತಿಳಿದೀತು?' ಎನ್ನುತ್ತಾರೆ. ತಿಳಿಯುತ್ತದೆ. ಅಮೆರಿಕದ ಭೂಗೋಳಶಾಸ್ತ್ರಜ್ಞ ಜೇಮ್ಸ್ ಬ್ಲೌಟ್ ಮತ್ತು ಸಂಗಡಿಗರು 1970ರ ಸುಮಾರಿಗೆ ಇದನ್ನು ಪರೀಕ್ಷಿಸಿದ್ದರು. ನಕ್ಷೆಯ ಪಾಠವನ್ನೇ ಕೇಳದ ಆರು ವರ್ಷದ ಮಕ್ಕಳು ವೈಮಾನಿಕ ಚಿತ್ರದಲ್ಲಿ ಮನೆ, ರಸ್ತೆ ಗುರುತಿಸಿದರು. ನಮ್ಮ ಮಕ್ಕಳಂತೂ ಮಾಳಿಗೆಯ ಮೇಲೇ ಆಡಿ ಬೆಳೆದವರು. ಬೆಳಕಿಂಡಿಯಿಂದ ಅಡುಗೆಮನೆಗೆ ಇಣುಕಿದವರಿಗೆ ಮೇಲಿನಿಂದ ನೋಡುವುದನ್ನು ಯಾರು ಕಲಿಸಬೇಕು? ಕಲಿಸಬೇಕಾದ್ದು ಮುಂದಿನದು: ಆ ಕಪ್ಪು ಗೆರೆ ಬದುವೋ ನೆರಳೋ, ಆ ಹಸಿರು ತೊಗರಿಯೋ ಜಾಲಿಯೋ. ಹೊಲಕ್ಕೆ ಹೋಗಿ ನೋಡಿಬಂದರಾಯಿತು. ಖರ್ಚಿನ ನೆಪವೂ ಬೇಡ, ಇಸ್ರೋದ 'ಭುವನ್' 2009ರಿಂದ ಪುಕ್ಕಟೆ ಸಿಗುತ್ತಿದೆ.

ಇಷ್ಟು ಜಗಳ ಯಾಕೆಂದರೆ, 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಮನೆಗಳ ಗಡಿಗೆ ಸುಣ್ಣದ ಗೆರೆ ಎಳೆದು ಡ್ರೋನ್ ಹಾರಿಸುತ್ತಾರೆ. ಆ ಚಿತ್ರದಿಂದಲೇ ಆಸ್ತಿಯ ಕಾರ್ಡು ಹುಟ್ಟುತ್ತದೆ. ಗೆರೆ ತಪ್ಪಿದ್ದರೆ ತಕರಾರು ಹೇಳಲು ಅವಕಾಶವುಂಟು. ಚಿತ್ರ ಓದಲು ಬಾರದ ಅಜ್ಜಿ ಏನೆಂದು ತಕರಾರು ಹೇಳಬೇಕು? ಪಕ್ಕದಲ್ಲೇ ನಾಲ್ಕನೆಯ ಇಯತ್ತೆಯ ಮೊಮ್ಮಗಳು ನಿಂತಿರುತ್ತಾಳೆ, ಕೈಯಲ್ಲಿ ಬಣ್ಣ ತುಂಬಿದ ಕರ್ನಾಟಕ ಹಿಡಿದು.